ಸಾಕೋಕೆ ಕೋಳಿ, ಸಾರಿಗಲ್ಲ

ಮಂಡ್ಯದಲ್ಲಿ ದಿಕ್ಕಿಲ್ಲದ ಕೋಳಿ ಹಿಡಿಯುವುದು ದೊಡ್ಡ ವಿಷಯ ಅಲ್ಲ. ಹಿಡಿದ ಮೇಲೆ "ಸಾಕೋಕೆ ಬೇಕಾ?" ಅಂತ ಯಾರನ್ನಾದರೂ ಕೇಳಿ ನೋಡಿ. "ಎಷ್ಟು ಕೆಜಿ ಬರುತ್ತೆ?" ಅನ್ನುತ್ತಾರೆ. ಭಾನುವಾರ ನಾಟಿ ಕೋಳಿ ಸಾರು, ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ ಅನ್ನುವ ಊರು ಇದು. ನಮ್ಮ ಮನೆಯಲ್ಲೂ ಮಾಡುತ್ತೇವೆ, ಅದನ್ನೇನು ಮುಚ್ಚಿಡಲಿ. ಆದರೆ ನಾನೇ ಹಿಡಿದು ಕಾಳು ಹಾಕಿದ ಕೋಳಿ ಮಾತ್ರ ಒಲೆ ಹತ್ತಬಾರದು. ಇದು ಯಾವ ನ್ಯಾಯ ಅಂತ ನಮ್ಮ ಯಜಮಾನರು ಕೇಳುತ್ತಾರೆ. ನ್ಯಾಯ ಗೀಯ ಏನಿಲ್ಲ, ಹಾಗೇ.

ನಾನು ಸ್ವರ್ಣಸಂದ್ರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯಾರದೋ ಕಾಂಪೌಂಡಿಗೆ ಕೋಳಿ ಸೇರಿಕೊಂಡರೆ ನನಗೆ ಫೋನ್ ಬರುತ್ತದೆ. ಜಾಸ್ತಿ ಸಿಗುವುದು ಬಿಳಿ ಹುಂಜಗಳು. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದ ಮರಿ ಮಾರುತ್ತಾರಲ್ಲ, ಅವು ಸಾಮಾನ್ಯವಾಗಿ ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳು. ಮೊಟ್ಟೆ ಇಡುವುದಿಲ್ಲ, ಬಾಯ್ಲರ್ ಥರ ಬೇಗ ಮೈ ಕಟ್ಟುವುದೂ ಇಲ್ಲ. ಹಾಗಾಗಿ ಹ್ಯಾಚರಿಯವರಿಗೆ ಬೇಡ. ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುತ್ತಾರೆ. ಬಹಳಷ್ಟು ಮರಿ ಉಳಿಯುವುದಿಲ್ಲ. ಉಳಿದದ್ದು ಬಣ್ಣ ಕಳೆದುಕೊಂಡು, ಜುಟ್ಟು ಬಂದು, ಬೆಳಗಿನ ಜಾವ ನಾಲ್ಕಕ್ಕೇ ಕೂಗಲು ಶುರು ಮಾಡಿದರೆ ಬಾಡಿಗೆ ಮನೆ ಓನರ್ ಸುಮ್ನಿರುತ್ತಾರಾ? ರಾತ್ರೋರಾತ್ರಿ ನಾಲೆ ಏರಿ ಮೇಲೆ ಬಿಟ್ಟು ಬರುತ್ತಾರೆ.

ಹಗಲಲ್ಲಿ ಅದನ್ನು ಅಟ್ಟಿಸಿಕೊಂಡು ಹೋಗಬೇಡಿ. ಓಡಿಸಿದಷ್ಟೂ ಬಾಯಿ ತೆರೆದು ಏದುಸಿರು ಬಿಡುತ್ತದೆ, ಬಿಸಿಲಿಗೆ ಸತ್ತರೂ ಸತ್ತಿತು. ಹೊತ್ತು ಮುಳುಗುವಾಗ ಎಲ್ಲಿ ಹತ್ತಿ ಕೂರುತ್ತದೆ ಅಂತ ನೋಡಿಕೊಂಡರೆ ಸಾಕು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು, ಕೂತಲ್ಲೇ ಕೂತಿರುತ್ತದೆ. ಟಾರ್ಚನ್ನು ಮುಖಕ್ಕೆ ಬಿಡದೆ ಹಿಂದಿನಿಂದ ಹೋಗಿ, ಎರಡೂ ಕೈಯಲ್ಲಿ ರೆಕ್ಕೆ ಸಮೇತ ಅಮುಕಿ ಹಿಡಿಯಬೇಕು. ಒಂದು ರೆಕ್ಕೆ ಬಿಚ್ಚಿತೋ, ಕೆಲಸ ಕೆಟ್ಟಿತು. ಆಮೇಲೆ ಕಂಕುಳಿಗೆ ಒತ್ತಿಕೊಂಡು ತಲೆ ಮೇಲೆ ಲೈನಿಂಗ್ ಬಟ್ಟೆಯ ಚೂರು ಹಾಕುತ್ತೇನೆ. ಮೊದಲು ಬೆರಳಿನಡಿ ಎದೆ ದಡದಡ ಹೊಡೆದುಕೊಳ್ಳುತ್ತಿರುತ್ತದೆ. ಬಟ್ಟೆ ಬಿದ್ದ ಸ್ವಲ್ಪ ಹೊತ್ತಿಗೆ ಕಾಲು ಸಡಿಲ ಬಿಡುತ್ತದೆ. ಕಾಲು ಹಿಡಿದು ತಲೆಕೆಳಗೆ ನೇತಾಡಿಸುವವರನ್ನು ಕಂಡರೆ ನನಗಾಗದು. ಹೊಟ್ಟೆಯೊಳಗಿನ ಭಾರವೆಲ್ಲ ಉಸಿರಿನ ಚೀಲಗಳ ಮೇಲೆ ಬೀಳುತ್ತದೆ, ಪಾಪ.

ಲಾರಿಯಿಂದ ಬಿದ್ದ ಬಾಯ್ಲರ್‌ಗೆ ಇಷ್ಟೆಲ್ಲ ಬೇಡ. ಆರು ವಾರಕ್ಕೆ ಎರಡು ಕೆಜಿ ದಾಟುವ ತಳಿ ಅದು, ಓಡಲು ಕಾಲಿನಲ್ಲಿ ಶಕ್ತಿಯೇ ಇರುವುದಿಲ್ಲ. ಮೇವು ಮಾತ್ರ ಅಳೆದು ಹಾಕಬೇಕು.

ಹಿಡಿದ ಕೋಳಿಯನ್ನು ನೇರ ಇನ್ನೊಬ್ಬರ ಗೂಡಿಗೆ ಬಿಡುವ ಹಾಗಿಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಕೇತ್ ಅನ್ನುವ ಕೋಳಿಗಳ ಅಂಟುರೋಗ, ಹೊತ್ತು ತಂದಿದ್ದರೆ ಇಡೀ ಗೂಡೇ ಖಾಲಿ. ಹಸಿರು ಹಿಕ್ಕೆ ಇದೆಯಾ, ಕತ್ತು ತಿರುಚುತ್ತಿದೆಯಾ ಅಂತ ನೋಡುತ್ತಾ ಎರಡು ಮೂರು ವಾರ ನಮ್ಮ ಹಿತ್ತಲಿನ ಹಳೇ ಬಚ್ಚಲಲ್ಲಿ ಇಟ್ಟುಕೊಳ್ಳುತ್ತೇನೆ. ಲಸಿಕೆದು ಇನ್ನೊಂದು ಕಥೆ. ಒಂದು ಸೀಸೆ ಅಂದರೆ 100 ಕೋಳಿಗೋ 200 ಕೋಳಿಗೋ ಆಗುವಷ್ಟು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಹುಂಜಕ್ಕೆ ಅಂತ ಯಾರು ಸೀಸೆ ಒಡೆಯುತ್ತಾರೆ? ಹಳ್ಳಿಯಲ್ಲಿ ಎಲ್ಲರ ಕೋಳಿಗೂ ಹಾಕುವ ದಿನ ಕೇಳಿಕೊಂಡು, ರಟ್ಟಿನ ಡಬ್ಬಕ್ಕೆ ತೂತು ಹೊಡೆದು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕು. ಕಂಡಕ್ಟರ್ ಕೋಳಿಗೂ ಟಿಕೆಟ್ ತಗೊಳ್ಳಿ ಅನ್ನುತ್ತಾರೆ.

ಈ ಸಲ ಸಿಕ್ಕಿದ್ದು ಕರೀ ಹ್ಯಾಟೆ. ಮೂರು ದಾರಿ ಕೂಡುವ ಕಡೆ ನಿಂಬೆಹಣ್ಣು, ಕುಂಕುಮದ ಪಕ್ಕದಲ್ಲೇ ಕೆದಕುತ್ತಿತ್ತು. ಯಾರಿಗೋ ನಿವಾಳಿಸಿ ಬಿಟ್ಟಿದ್ದು ಅಂತ ನೋಡಿದವರಿಗೆಲ್ಲ ಗೊತ್ತು. ಆಗ ಕೆಜಿ ಮಾತೇ ಬರಲಿಲ್ಲ! ಸಾರಿಗೆ ಯಾರೂ ಕೇಳುವುದಿಲ್ಲ, ಸರಿ. ಆದರೆ ಗೇಟಿನೊಳಗೆ ಸೇರಿಸುವವರೂ ಇಲ್ಲ. ನಮ್ಮತ್ತೆಯಂತೂ ಅದು ಬಚ್ಚಲಲ್ಲಿ ಇರುವಷ್ಟು ದಿನ ಹಿತ್ತಲಿಗೇ ಕಾಲಿಡಲಿಲ್ಲ.

ಕೊನೆಗೆ ಕೆರಗೋಡಿನ ಕಡೆಯ ಒಬ್ಬ ಅಜ್ಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ತಿನ್ನಬಾರದು ಅಂದ್ರೆ ಮೊಟ್ಟೆ ಇಕ್ಕಬಾರದು ಅಂತಾನೂ ಅದಾ? ಕೊಡವ್ವ ಇತ್ತಗೆ" ಅಂದರು. ಕತ್ತಲಾದ ಮೇಲೆ ಅವರ ಕೋಳಿಗಳ ಪಕ್ಕದಲ್ಲೇ ಗೂಡಿನೊಳಗೆ ಕೂರಿಸಿದೆವು. ರಾತ್ರಿ ಸೇರಿಸಿದರೆ ಬೆಳಗ್ಗೆ ಕುಕ್ಕಾಟ ಕಡಿಮೆ.

ಈಗ ಅದು ಕಾವಿಗೆ ಕೂತಿದೆಯಂತೆ. ಅದರ ಪಿಳ್ಳೆಗಳಿಗೂ ಆ ನಿವಾಳಿ ತಗಲುತ್ತದಾ, ಸಾರು ಮಾಡಬಹುದಾ ಅಂತ ಅಜ್ಜಿಯ ಮಗ ಫೋನ್ ಮಾಡಿ ಕೇಳಿದ. ಪಿಳ್ಳೆಗಳದ್ದು ನಿಮ್ಮ ಅವ್ವನನ್ನೇ ಕೇಳಪ್ಪ ಅಂದೆ.