ಒಂದೇ ಒಂದು ‘ಎಸ್’

ನಮ್ಮ ಇಂಗ್ಲಿಷ್ ಮೇಷ್ಟ್ರು ವರ್ತಮಾನ ಕಾಲದ ಪಾಠವನ್ನು ಕನ್ನಡದಿಂದಲೇ ಶುರುಮಾಡುತ್ತಿದ್ದರು. ಬೋರ್ಡಿನ ಮೇಲೆ ಮೊದಲ ಸಾಲು: ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ. ಇಷ್ಟೊಂದು ಬಾಲಗಳನ್ನು ತಪ್ಪಿಲ್ಲದೆ ಆಡುವವರಿಗೆ ಹೀ, ಶೀ, ಇಟ್ ಜೊತೆ ಬರುವ ಒಂದು ‘ಎಸ್’ ಯಾಕೆ ಮರೆತುಹೋಗುತ್ತದೆ?

ಉತ್ತರ ಎರಡನೇ ಸಾಲಿನಲ್ಲಿರುತ್ತಿತ್ತು. ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವರು ಬರುವುದಿಲ್ಲ. ‘ಇಲ್ಲ’ ಬಂದರೆ ಕನ್ನಡದಲ್ಲೂ ಬಾಲ ಮಾಯ! ಆ ರೂಢಿಯೇ ‘ಹೀ ಡೋಂಟ್ ಕಮ್’ ಆಗುತ್ತದೆ. ಇಂಗ್ಲಿಷಿನಲ್ಲಿ ನಿಷೇಧಕ್ಕೂ ಪ್ರಶ್ನೆಗೂ ‘ಡು’ ಮುಂದೆ ಬಂದು ಎಸ್ಸನ್ನು ತಾನೇ ಹೊತ್ತು ‘ಡಸ್’ ಆಗುತ್ತದೆ. ಮುಖ್ಯ ಕ್ರಿಯಾಪದ ಬರಿಗೈಯಲ್ಲಿ ನಿಲ್ಲುತ್ತದೆ. ‘ಹೀ ಡಸಂಟ್ ಕಮ್’, ‘ಡಸ್ ಹೀ ಕಮ್?’ ಸರಿ. ‘ಡಸ್ ಹೀ ಕಮ್ಸ್’ ಅಂದರೆ ಒಂದೇ ಪ್ರಯಾಣಕ್ಕೆ ಎರಡು ಟಿಕೆಟ್.

ಕಾಗುಣಿತದ್ದು ಸಣ್ಣ ವಿಷಯ: ಗೋ, ವಾಚ್‌ಗೆ ‘ಇಎಸ್’, ಕ್ಯಾರಿಯ ವೈ ಬಿದ್ದು ‘ಐಇಎಸ್’, ಪ್ಲೇಯಲ್ಲಿ ವೈ ಹಿಂದೆ ಸ್ವರ ಇರುವುದರಿಂದ ಬರೀ ಎಸ್, ಹ್ಯಾವ್ ಮಾತ್ರ ಹ್ಯಾಸ್.

ಸದಾ ನಿಜವಾದದ್ದಕ್ಕೆ ಸರಳ ವರ್ತಮಾನ: ‘ವಾಟರ್ ಬಾಯ್ಲ್ಸ್ ಅಟ್ 100 ಡಿಗ್ರೀಸ್’. ನೀರು ಎಣಿಕೆಗೆ ಸಿಗದ್ದು, ಹಾಗಾಗಿ ‘ಇಟ್’ ಸಾಲಿಗೆ ಸೇರುತ್ತದೆ. (ವಾಕ್ಯ ಸಮುದ್ರಮಟ್ಟಕ್ಕೆ ಸರಿ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ವಿಜ್ಞಾನದ ಮೇಷ್ಟ್ರಿಗೆ ಇದೇ ತಕರಾರು.) ಬೆಂಗಳೂರಿನ ಮೆಟ್ರೊ ಮಾರ್ಗದ ಬಗ್ಗೆ ಹೇಳುವ ‘ದಿ ಪರ್ಪಲ್ ಲೈನ್ ರನ್ಸ್ ಟು ವೈಟ್‌ಫೀಲ್ಡ್’ ಎಂಬುದೂ ಇದೇ ಜಾತಿ.

‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ನಮ್ಮೂರಲ್ಲಿ ಆಫೀಸುಗಳಲ್ಲೂ ಕೇಳಿಸುತ್ತವೆ. ಇದಕ್ಕೆ ಪರೀಕ್ಷೆಯೂ ಕನ್ನಡದಲ್ಲೇ ಇದೆ. ಗೊತ್ತು, ಬೇಕು, ಇದ್ದಾರೆ: ಇವಕ್ಕೆ ‘ಉತ್ತಿದ್ದೇನೆ’ ಅಂಟಿಸಿ ನೋಡಿ. ‘ಗೊತ್ತುತ್ತಿದ್ದೇನೆ’ ಅಂತ ಯಾರೂ ಅನ್ನುವುದಿಲ್ಲವಲ್ಲ. ನೋ, ವಾಂಟ್‌ಗೂ, ಇರುವಿಕೆ ಹೇಳುವ ಹ್ಯಾವ್‌ಗೂ ‘ಐಎನ್‌ಜಿ’ ಬೇಡ. ಊಟ ಮಾಡುವುದು ಕೆಲಸ, ಆದ್ದರಿಂದ ‘ಹ್ಯಾವಿಂಗ್ ಲಂಚ್’ ಸರಿಯೇ.

ಹೆಚ್ಚು ಅಂಕ ಹೋಗುತ್ತಿದ್ದದ್ದು ನಮ್ಮ ‘ಇಂದ’ ಪ್ರತ್ಯಯದಿಂದ. ‘ಹತ್ತು ವರ್ಷದಿಂದ ಜಯನಗರದಲ್ಲಿದ್ದೇನೆ’, ‘2010ರಿಂದ ಜಯನಗರದಲ್ಲಿದ್ದೇನೆ’: ಕನ್ನಡಕ್ಕೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಅವಧಿಯ ಉದ್ದಕ್ಕೆ ‘ಫಾರ್’, ಶುರುವಾದ ಕ್ಷಣಕ್ಕೆ ‘ಸಿನ್ಸ್’. ಜೊತೆಗೆ ‘ಆಮ್ ಲಿವಿಂಗ್’ ಸಾಲದು, ‘ಹ್ಯಾವ್ ಬೀನ್ ಲಿವಿಂಗ್’ ಬೇಕು. ಹಿಂದೆ ಶುರುವಾಗಿ ಇವತ್ತಿನವರೆಗೂ ನಡೆದುಬಂದದ್ದನ್ನು ಹೇಳುವುದು ಆ ‘ಹ್ಯಾವ್ ಬೀನ್’.