ಹದಿಮೂರು ಮಕ್ಕಳಿಗೆ ಇಬ್ಬರು ಟೀಚರ್ ಯಾಕೆ?

ಈ ಪ್ರಶ್ನೆಯನ್ನು ನನಗೆ ಬಸ್ಸಿನಲ್ಲಿ ಕೇಳಿದ್ದಾರೆ, ಮದುವೆಮನೆಯಲ್ಲಿ ಕೇಳಿದ್ದಾರೆ, ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ್ದಾಗ ದಂತವೈದ್ಯರೂ ಕೇಳಿದ್ದಾರೆ. "ನಿಮ್ಮ ಶಾಲೇಲಿ ಎಷ್ಟು ಮಕ್ಕಳು?" ಎಂದು ಅದು ಆರಂಭವಾಗುತ್ತದೆ; "ಹದಿಮೂರು" ಎಂಬ ಉತ್ತರ ಕಿವಿಗೆ ಬಿದ್ದೊಡನೆ ಕೇಳಿದವರ ಮುಖದಲ್ಲಿ ಒಂದು ನಗು ಮೂಡುತ್ತದೆ; "ಅಷ್ಟಕ್ಕೆ ಇಬ್ಬರು ಟೀಚರಾ? ಇಡೀ ದಿನ ಏನು ಮಾಡ್ತೀರಿ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿರುವ ನಾನು ಇಷ್ಟು ವರ್ಷ ಇದಕ್ಕೆ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ನಗುವುದಿಲ್ಲ, ಒಮ್ಮೆ ಬರೆದುಬಿಡುತ್ತೇನೆ. ಬಾಯಲ್ಲಿ ಹತ್ತಿ ಇದ್ದ ಕಾರಣ ದಂತವೈದ್ಯರಿಗೆ ಕೊಡಲಾಗದ ಉತ್ತರವೂ ಇದರಲ್ಲಿಯೇ ಸೇರಿದೆ.

ತಾಳ್ಮೆ ಕೆಟ್ಟದ್ದು ಕಳೆದ ತಿಂಗಳು, ಸಾಗರದ ಒಂದು ಮದುವೆಯಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ನನ್ನ ಗಂಡನಿಗೆ ಚಿಕ್ಕಪ್ಪನ ಮಗನಾದ ಮೈದುನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕುಳಿತ. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಸುಮ್ಮನೆ ಕೇಳ್ತೀನಿ" ಎಂದ. ಈ ಪೀಠಿಕೆಯ ನಂತರ ಬೇಜಾರಾಗದ ಮಾತು ಬಂದದ್ದನ್ನು ನಾನು ಇದುವರೆಗೆ ಕೇಳಿಲ್ಲ. ಬಲಗೈಯಲ್ಲಿ ತುಪ್ಪ ಸುರಿದ ಹೋಳಿಗೆ ಹಿಡಿದುಕೊಂಡೇ ಎಡಗೈಯ ಹೆಬ್ಬೆರಳಿನಿಂದ ಫೋನಿನಲ್ಲಿ ಇಬ್ಬರು ಶಿಕ್ಷಕಿಯರ ಸಂಬಳವನ್ನು ಕೂಡಿಸಿ, ಹನ್ನೆರಡರಿಂದ ಗುಣಿಸಿ, ಹದಿಮೂರರಿಂದ ಭಾಗಿಸಿ, ಬಂದ ಮೊತ್ತವನ್ನು ನನಗೂ, ಆಚೆ ಬದಿಯಲ್ಲಿ ಕುಳಿತಿದ್ದ ಅಪರಿಚಿತರಿಗೂ ತೋರಿಸಿದ. ಸಾರಿನ ಬಕೆಟ್ ಹಿಡಿದು ಬಂದ ಹುಡುಗನೂ ಬಗ್ಗಿ ನೋಡಿದ. "ಈ ದುಡ್ಡಲ್ಲಿ ಅಷ್ಟೂ ಮಕ್ಕಳನ್ನ ವ್ಯಾನಲ್ಲಿ ಪೇಟೆ ಶಾಲೆಗೆ ಕಳಿಸಬಹುದಲ್ಲ ಅತ್ತಿಗೆ?" ಎಂಬುದು ಅವನ ತೀರ್ಮಾನ. ನಾನು "ಮಜ್ಜಿಗೆ ಬಂತು, ಲೋಟ ಹಿಡಿ" ಎಂದಷ್ಟೇ ಹೇಳಿದೆ. ಮನೆಗೆ ಮರಳುವ ಬಸ್ಸಿನಲ್ಲಿ ಉತ್ತರಗಳು ಒಂದರ ಹಿಂದೊಂದು ಹೊಳೆದವು.

ಮೊದಲನೆಯದಾಗಿ, ಇಬ್ಬರು ಇರುವುದು ನಮ್ಮ ಸುಖಕ್ಕಾಗಿ ಇಲಾಖೆ ಮಾಡಿದ ಏರ್ಪಾಡಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ ಮಕ್ಕಳು ಅರವತ್ತರವರೆಗೆ ಇದ್ದರೆ ಇಬ್ಬರು ಶಿಕ್ಷಕರು ಇರಬೇಕು. ತರಗತಿಗಳು ಐದು ಇರುವುದರಿಂದ, ಮಕ್ಕಳು ಹದಿಮೂರಿರಲಿ ಐವತ್ತಿರಲಿ, ಒಬ್ಬೊಬ್ಬರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಲೇಬೇಕು. ನಮ್ಮಲ್ಲಿ ಒಂದನೆಯ ತರಗತಿಯಲ್ಲಿ ಮೂವರು, ಎರಡರಲ್ಲಿ ಇಬ್ಬರು, ಮೂರರಲ್ಲಿ ನಾಲ್ವರು, ನಾಲ್ಕರಲ್ಲಿ ಒಬ್ಬಳು, ಐದರಲ್ಲಿ ಮೂವರು. ಒಬ್ಬಳೇ ಇದ್ದಾಳೆಂದು ಅವಳಿಗೆ ನಾಲ್ಕನೆಯ ತರಗತಿಯ ಗಣಿತದ ಪುಸ್ತಕವೇನೂ ತೆಳ್ಳಗಾಗುವುದಿಲ್ಲ.

ಇನ್ನು ವ್ಯಾನಿನ ವಿಚಾರ. ಐದನೆಯ ತರಗತಿಯವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬ ನಿಯಮವನ್ನು ಬಯಲುಸೀಮೆಯ ರಸ್ತೆಯಲ್ಲಿ ನಿಂತು ಓದಿದರೆ ಅತಿಯಾಯಿತು ಎನಿಸಬಹುದು. ಮಳೆಗೆ ಹೆಸರಾದ ಹುಲಿಕಲ್ಲಿನಂಥ ಊರಿರುವ ನಮ್ಮ ತಾಲ್ಲೂಕಿನಲ್ಲಿ ಆಷಾಢದಲ್ಲಿ ನಿಂತು ಓದಬೇಕು. ನಮ್ಮ ಮಕ್ಕಳ ಮನೆಗಳು ಒಂದೊಂದು ಗುಡ್ಡದ ಬುಡದಲ್ಲಿ ಒಂದೊಂದಾಗಿ ಇವೆ. ವ್ಯಾನು ಬರಬೇಕಾದರೆ ರಸ್ತೆ ಬೇಕು, ರಸ್ತೆಗೆ ಸೇರಬೇಕಾದರೆ ಮಗು ಎರಡು ಕಡೆ ಅಡಿಕೆ ದಬ್ಬೆಯ ಕಾಲುಸಂಕ ದಾಟಬೇಕು. 2022ರ ಮಳೆಗಾಲದಲ್ಲಿ ಘಟ್ಟದ ಕೆಳಗೆ ಬೈಂದೂರು ತಾಲ್ಲೂಕಿನಲ್ಲಿ ಶಾಲಾ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಆ ಸುದ್ದಿ ಬಂದ ವಾರ ನಮ್ಮೂರಿನ ತಾಯಂದಿರು ಮಕ್ಕಳ ಕೈಹಿಡಿದು ಶಾಲೆಯ ಜಗಲಿಯವರೆಗೂ ಬಂದು ಬಿಟ್ಟುಹೋಗುತ್ತಿದ್ದರು. ಅಂಥ ದಾರಿಯನ್ನು ಇನ್ನೂ ನಾಲ್ಕು ಕಿಲೋಮೀಟರು ಉದ್ದ ಮಾಡುವುದಕ್ಕೆ ಮೈದುನನ ಲೆಕ್ಕದಲ್ಲಿ ಖರ್ಚೇ ಬರೆದಿರಲಿಲ್ಲ.

"ಇಡೀ ದಿನ ಏನು ಮಾಡ್ತೀರಿ" ಎಂಬುದಕ್ಕೆ ಬರೋಣ. ಒಂದರಿಂದ ಮೂರನೆಯ ತರಗತಿಯ ಒಂಬತ್ತು ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. 1990ರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು ಕಟ್ಟಿದ ಈ ಪದ್ಧತಿ ಹುಟ್ಟಿದ್ದೇ ಇಂಥ ಬಹುವರ್ಗದ ಕೋಣೆಗಳಿಗಾಗಿ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನು ನಿಂತ ಮೆಟ್ಟಿಲನ್ನು ತಾನೇ ನೋಡಿಕೊಂಡು, ಕಾರ್ಡು ಎತ್ತಿಕೊಂಡು, ತನ್ನ ಗುಂಪಿನ ತಟ್ಟೆಯ ಬಳಿ ಹೋಗಿ ಕೂರುತ್ತದೆ. ಒಬ್ಬನಿಗೆ ನಾನು ಪೂರ್ತಿ ಜೊತೆಗಿರಬೇಕು, ಇನ್ನೊಬ್ಬಳಿಗೆ ಅರ್ಧ, ಮತ್ತೊಬ್ಬನಿಗೆ ಮೂರನೆಯ ತರಗತಿಯ ಅಕ್ಕ ಸಾಕು. ಒಂದೇ ಕೋಣೆಯಲ್ಲಿ ಒಂಬತ್ತು ಪಾಠ ನಡೆಯುತ್ತಿರುತ್ತವೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿ ಅಕ್ಷರ ಕಲಿಕೆ ಆರಂಭವಾಗುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು. ಈ ಐದರಿಂದಲೇ ಅರ, ಸರ, ಗರಗಸ, ದಸರ ಎಂದು ಮಗು ಮೊದಲ ತಿಂಗಳುಗಳಲ್ಲಿಯೇ ಪದ ಓದಬಲ್ಲದು. ಇದು ಗೊತ್ತಿಲ್ಲದ ಅಜ್ಜಿಯೊಬ್ಬರು ಒಂದು ಬೆಳಿಗ್ಗೆ ಕವಳ ಉಗುಳಿ ಬಂದು, "ಅಕ್ಕೋರೇ, ಹುಡುಗ ಗರಗಸ ಅಂತ ಬರೀತಾನೆ, ಆ ಬರಿ ಅಂದ್ರೆ ಬರಲ್ಲ ಅಂತಾನೆ, ಇದೆಂಥ ಶಾಲೆ?" ಎಂದು ಜಗಳಕ್ಕೇ ನಿಂತರು. ಅವರನ್ನು ಒಳಗೆ ಕರೆದು ಕೂರಿಸಿದೆ. ಈಗ ಅವರು ವಾರಕ್ಕೊಮ್ಮೆಯಾದರೂ ಬರುತ್ತಾರೆ. ಆದರೆ ಬರುವುದು ತಮ್ಮ ಫೋನು ಹಿಡಿದುಕೊಂಡು, ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಸಂದೇಶ ಬಂದಿದೆಯೇ ಎಂದು ಓದಿಸಿಕೊಳ್ಳಲು. ಬಂದಿಲ್ಲವಾದರೆ ಆ ತಪ್ಪೂ ಅರ್ಧ ನನ್ನದೇ.

ಊಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮೈದುನ ಭಾಗಿಸುತ್ತಾನೆ, ನಾವು ದಿನವೂ ಗುಣಿಸುತ್ತೇವೆ. ಬಿಸಿಯೂಟಕ್ಕೆ ತಲೆಗೆ 100 ಗ್ರಾಂ ಧಾನ್ಯದಂತೆ ಒಂದು ಕಿಲೋ ಮುನ್ನೂರು ಗ್ರಾಂ ಅಕ್ಕಿ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ತಲೆಗೆ 18 ಗ್ರಾಂ ಹಾಲಿನ ಪುಡಿಯಂತೆ 234 ಗ್ರಾಂ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ತಲೆಗಿಷ್ಟು ಎಂದು ಬರುವ ತರಕಾರಿ, ಸಾಂಬಾರದ ಹಣ ಮುನ್ನೂರು ಮಕ್ಕಳ ಶಾಲೆಯಲ್ಲಿ ಹೇಗೋ ಸರಿದೂಗುತ್ತದೆ; ಹದಿಮೂರು ಮಕ್ಕಳ ಒಲೆಗೆ ಸಾಲುವುದಿಲ್ಲ. ಸಾರಿಗೆ ಅರ್ಧ ತೆಂಗಿನಕಾಯಿಯಾದರೂ ಬೇಕಲ್ಲ! ಆ ಅರ್ಧ ಕಾಯಿ ಊರಿನಿಂದ ಬರುತ್ತದೆ. ಸೌತೆಕಾಯಿ, ಬಸಳೆ, ಕೆಸುವಿನ ಸೊಪ್ಪು, ಮಜ್ಜಿಗೆ, ಯಾರದೋ ಮನೆಯ ಪೂಜೆಯ ಮರುದಿನ ಪಾಯಸ. ಮಳೆ ಹಿಡಿಯುವ ಮುಂಚೆ ಎಸ್‌ಡಿಎಂಸಿಯವರು, ಅಂದರೆ ಪೋಷಕರಿರುವ ಶಾಲಾ ಸಮಿತಿಯವರು, ಏಣಿ ತಂದು ಹಂಚು ಕೈಯಾಡಿಸುತ್ತಾರೆ. ಕೂಲಿ ಕೇಳಿದವರನ್ನು ನಾನು ಕಂಡಿಲ್ಲ. ಅಂದಿನ ಚಹಾ ತೆಳುವಾಯಿತೆಂದು ದೂರಿದವರನ್ನು ಕಂಡಿದ್ದೇನೆ.

ಶಾಲೆಯ ಕಪಾಟಿನಲ್ಲಿ ಹಳೆಯ ದಾಖಲಾತಿ ವಹಿಗಳಿವೆ, ಶಾಯಿ ಕಂದಿದ್ದರೂ ಅಕ್ಷರ ಮುತ್ತಿನಂತಿದೆ. ಊರಿನ ಅರ್ಧಕ್ಕರ್ಧ ಹಿರಿಯರು ಹುಟ್ಟಿದ್ದು ಜೂನ್ 1ರಂದು. ಮಗುವನ್ನು ಸೇರಿಸಲು ಬಂದ ತಂದೆಗೆ ದಿನಾಂಕ ಗೊತ್ತಿರಲಿಲ್ಲ, ಮೇಷ್ಟ್ರಿಗೆ ಶಾಲೆ ತೆರೆಯುವ ದಿನ ಗೊತ್ತಿತ್ತು. ಪಿಂಚಣಿ, ಜಾತಿ ಪ್ರಮಾಣಪತ್ರ, ಹೆಸರಿನ ತಿದ್ದುಪಡಿ ಯಾವುದಾದರೂ ಎಲ್ಲರೂ ಬರುವುದು ಈ ಕಪಾಟಿನ ಮುಂದಕ್ಕೆ. ಮೈದುನನೂ ಮೂರು ವರ್ಷದ ಹಿಂದೆ ಬಂದಿದ್ದ. ಅವನ ತಂದೆ ಇದೇ ಶಾಲೆಯಲ್ಲಿ ಓದಿದವರು. ಪಾಸ್‌ಪೋರ್ಟಿಗೆ ಅವರ ಜನ್ಮದಿನಾಂಕದ ದಾಖಲೆ ಬೇಕಿತ್ತು. ಧೂಳು ಕೊಡವಿ 1959ರ ವಹಿಯಲ್ಲಿ ಹುಡುಕಿಕೊಟ್ಟವಳು ನಾನೇ. ಅಂದು ಅವನು ಮಕ್ಕಳ ಸಂಖ್ಯೆ ಕೇಳಿರಲಿಲ್ಲ.

ಚುನಾವಣೆ ಬಂದರೆ ನಮ್ಮ ಕೋಣೆ ಮತಗಟ್ಟೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯಲ್ಲಿ ಮನೆಮನೆ ಹತ್ತಿಳಿದವರೂ ಶಿಕ್ಷಕರೇ. ಬೇಸಿಗೆ ಸಮೀಪಿಸಿದಂತೆ ಮಂಗನ ಕಾಯಿಲೆಯ ಭಯ. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಹರಡುವುದು ಉಣುಗಿನಿಂದ. ದರಗು ತರಲು ಕಾಡಿಗೆ ಹೋಗುವ ಮುನ್ನ ಡೆಪಾ ತೈಲ ಹಚ್ಚಿಕೊಳ್ಳಬೇಕೆಂಬುದನ್ನು ದೊಡ್ಡವರಿಗೆ ಹೇಳಿದರೆ "ಹೂಂ" ಎನ್ನುತ್ತಾರೆ, ಹಚ್ಚುವುದಿಲ್ಲ. ಮೂರನೆಯ ತರಗತಿಯ ಹುಡುಗಿಗೆ ಹೇಳಿದರೆ ಅವಳು ಬಾಗಿಲಲ್ಲಿ ಬಾಟಲಿ ಹಿಡಿದು ನಿಂತು ಅಜ್ಜನನ್ನು ಆಚೆಗೆ ಬಿಡುವುದಿಲ್ಲ.

ಸಣ್ಣ ಶಾಲೆಯ ಕೊರತೆಗಳನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಖೋ-ಖೋ ಆಡಲು ಒಂದು ತಂಡಕ್ಕೆ ಅಂಗಳದಲ್ಲಿ ಒಂಬತ್ತು ಮಂದಿ ಬೇಕು. ನಮ್ಮಲ್ಲಿ ಒಂದೂವರೆ ತಂಡವಿದೆ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠದಿಂದ ಛದ್ಮವೇಷದವರೆಗೆ ಅದದೇ ಮುಖಗಳು. ಒಮ್ಮೆ ಹುಡುಗನೊಬ್ಬ ಒನಕೆ ಓಬವ್ವನ ಸೀರೆಯಲ್ಲಿಯೇ ನಿಂತು ಭಕ್ತಿಗೀತೆ ಹಾಡಿದ. ನಾಲ್ಕನೆಯ ತರಗತಿಯ ಆ ಒಬ್ಬಳಿಗೆ ತನ್ನ ಓರಗೆಯವರೊಡನೆ ಕೂತು ಜಗಳವಾಡುವ ಸುಖವಿಲ್ಲ, ಅದನ್ನು ನಾವಿಬ್ಬರು ಶಿಕ್ಷಕಿಯರು ತುಂಬಿಕೊಡಲಾರೆವು. ಮತ್ತೆ, ಈ ಪ್ರಶ್ನೆಯ ಬಾಲಕ್ಕೆ ಯಾವಾಗಲೂ ಅಂಟಿಕೊಂಡು ಬರುವ "ನಿಮ್ಮ ಮಗಳನ್ನ ಎಲ್ಲಿ ಸೇರಿಸಿದ್ದೀರಿ?" ಎಂಬ ಮಾತು. ಮೂರನೆಯ ತರಗತಿಯವರೆಗೆ ಅವಳು ನನ್ನನ್ನು ಅಕ್ಕೋರೇ ಎಂದು ಕರೆದು ಇಲ್ಲಿಯೇ ಓದಿದಳು. ಗಂಡನ ಕೆಲಸ ಶಿವಮೊಗ್ಗಕ್ಕಾದ ಮೇಲೆ ಅಲ್ಲಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಿದ್ದಾಳೆ. ಅಲ್ಲಿ ಸರ್ಕಾರಿ ಶಾಲೆ ಇರಲಿಲ್ಲವೇ ಎಂದು ನೀವು ಕೇಳುವ ಮುಂಚೆ ನಾನೇ ಕೇಳಿಕೊಂಡಿದ್ದೇನೆ. ಇತ್ತು.

ಯಾರೂ ಕೇಳದ ಒಂದು ಪ್ರಶ್ನೆಯಿದೆ: "ಇವತ್ತು ಯಾರು ಬಂದಿಲ್ಲ?" ಎಂಬುದು. ನಮ್ಮಲ್ಲಿ ಅದಕ್ಕೆ ಹಾಜರಿ ಪುಸ್ತಕ ತೆರೆಯಬೇಕಾಗಿಲ್ಲ. ಪ್ರಾರ್ಥನೆಗೆ ನಿಂತಾಗ ಸಾಲಿನಲ್ಲಿ ಬಿದ್ದ ತೆರಪು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಕಳೆದ ಡಿಸೆಂಬರಿನ ಒಂದು ಸೋಮವಾರ ಹಾಗೆ ಕಾಣದಾದವನು ಎರಡನೆಯ ತರಗತಿಯ ಹುಡುಗ. ಅಪ್ಪ ಅಮ್ಮ ಹಾವೇರಿ ಕಡೆಯಿಂದ ಅಡಿಕೆ ಕೊಯ್ಲಿಗೆ ಬಂದವರು, ತೋಟದ ಮೇಲಿನ ಬಿಡಾರದಲ್ಲಿ ವಾಸ. ಮಂಗಳವಾರವೂ ಬರಲಿಲ್ಲ. ಸಂಜೆ ನಾನು ಗುಡ್ಡ ಹತ್ತಿದೆ. ಹುಡುಗ ಬಿಡಾರದ ಬಾಗಿಲಲ್ಲಿ ಎಂಟು ತಿಂಗಳ ತಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಅಡಿಕೆ ಸುಲಿಯುವ ಕೆಲಸ ರಾತ್ರಿ ಹತ್ತಾದರೂ ಮುಗಿಯುವುದಿಲ್ಲ. ಅಮ್ಮ ಸುಲಿಯಲು ಕೂತರೆ ಕೂಸಿಗೆ ಯಾರು? ನಾನು ಕಾಯ್ದೆ, ಹಕ್ಕು, ಏಣಿ, ಮೆಟ್ಟಿಲು ಎಲ್ಲವನ್ನೂ ನೆನೆದು, ಕೊನೆಗೆ "ಕೂಸನ್ನೂ ಕರ್ಕೊಂಡು ಬಾ" ಎಂದೆ.

ಬುಧವಾರ ಇಬ್ಬರೂ ಬಂದರು. ಅಡುಗೆಯವರು ತಮ್ಮ ಹಳೆಯ ಸೀರೆಯನ್ನು ನಲಿ-ಕಲಿ ಕೋಣೆಯ ಅಡ್ಡತೊಲೆಗೆ ಕಟ್ಟಿ ಜೋಲಿ ಮಾಡಿಕೊಟ್ಟರು. ಹುಡುಗ ಒಂದು ಕೈಯಲ್ಲಿ ಜೋಲಿಯ ಹಗ್ಗ ಎಳೆಯುತ್ತ ಇನ್ನೊಂದು ಕೈಯಲ್ಲಿ ಕಳೆಯುವ ಲೆಕ್ಕ ಮಾಡಿದ. ಅದೇ ವಾರ ಭೇಟಿಗೆ ಬಂದ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಆರ್‌ಪಿಯವರು ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಕಲಿಕಾ ಚಪ್ಪರವನ್ನೂ, ಅದರ ಕೆಳಗೆ ತೂಗುವ ಜೋಲಿಯನ್ನೂ ನೋಡಿ, ಇದು ಯಾವ ಕಲಿಕೋಪಕರಣ ಎಂದು ಕೇಳಿದರು. ಕೂಸು ಉತ್ತರವಾಗಿ ಅತ್ತಿತು. ಅವರು ಪುಸ್ತಕದಲ್ಲಿ ಏನನ್ನೂ ಬರೆಯದೆ, ಹಗ್ಗವನ್ನು ನಾಲ್ಕು ಸಲ ಎಳೆದು, ಮುಂದಿನ ಶಾಲೆಗೆ ಹೋದರು. ಆರು ವಾರ ನಮ್ಮಲ್ಲಿ ಹದಿನಾಲ್ಕು ಮಕ್ಕಳಿದ್ದರು.

ಸಂಕ್ರಾಂತಿ ಕಳೆದು, ಸುಲಿಯುವ ಕೆಲಸ ಮುಗಿದು, ಒಂದು ರಾತ್ರಿ ಬಿಡಾರ ಖಾಲಿಯಾಯಿತು. ವರ್ಗಾವಣೆ ಪತ್ರ ತೆಗೆದುಕೊಳ್ಳಲು ಯಾರೂ ಬರಲಿಲ್ಲ. ಅವರು ಕೊಟ್ಟಿದ್ದ ಫೋನಿಗೆ ಕರೆ ಹೋಗುವುದಿಲ್ಲ. ತೋಟದ ಯಜಮಾನರಿಗೂ ಮೇಸ್ತ್ರಿಯ ಹೆಸರಷ್ಟೇ ಗೊತ್ತು. ಆ ಹುಡುಗ ಎಲ್ಲಿಯಾದರೂ ಶಾಲೆಗೆ ಸೇರಿದರೆ ಅಲ್ಲಿನವರು ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸ್ಯಾಟ್ಸ್ ಸಂಖ್ಯೆ ಕೇಳಿ ನನಗೆ ಕರೆ ಮಾಡಲೇಬೇಕು, ಅವನ ಹೆಸರು ಇನ್ನೂ ನಮ್ಮ ಲಾಗಿನ್ನಿನಲ್ಲಿಯೇ ಇದೆ. ಮಾರ್ಚ್ ಅರ್ಧ ಕಳೆಯಿತು, ಕರೆ ಬಂದಿಲ್ಲ. ಅದಕ್ಕಾಗಿಯೇ ಎಷ್ಟು ಮಕ್ಕಳೆಂದು ಯಾರಾದರೂ ಕೇಳಿದರೆ ನಾನು ಈಗಲೂ ಹದಿಮೂರು ಎನ್ನುತ್ತೇನೆ. ಹಾಲಿನ ಪುಡಿಯನ್ನು ಮಾತ್ರ 216 ಗ್ರಾಂ ಅಳೆಯುತ್ತೇವೆ.