ಹವಾಯಿ ಐಟಿನರಿ ಬರೆಯುವಾಗ ಎತ್ತರವನ್ನು ಮೊದಲು ನೋಡಬೇಕು

ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋಗುವ ಗ್ರೂಪ್‌ಗಳ ಐಟಿನರಿ, ಅಂದರೆ ಪ್ರವಾಸದ ದಿನವಾರು ಯೋಜನೆ, ಸಿದ್ಧಪಡಿಸುವುದು ನನ್ನ ಕೆಲಸ. ಹವಾಯಿಗೆ ಹೊರಡುವವರು ಸಾಮಾನ್ಯವಾಗಿ ಕಡಲತೀರ, ಜ್ವಾಲಾಮುಖಿ ಮತ್ತು ಅಲ್ಲಿಯದೇ ಆದ ಪ್ರಾಣಿಪಕ್ಷಿಗಳನ್ನು ನೋಡಬೇಕೆನ್ನುತ್ತಾರೆ. ಮೊದಲಿನ ಎರಡಕ್ಕೆ ನಕ್ಷೆ ಸಾಕು. ಮೂರನೆಯದಕ್ಕೆ ಮಾತ್ರ, ಒಂದು ಜಾಗ ಹೋಟೆಲಿನಿಂದ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದನ್ನು ಮೊದಲು ನೋಡಬೇಕೆಂದು ಈ ಕೆಲಸ ನನಗೆ ಕಲಿಸಿದೆ.

ಹೊನೊಲುಲುವಿನ ಹೋಟೆಲ್ ಅಂಗಳದಲ್ಲಿ ಬೆಳಗ್ಗೆ ನಮ್ಮವರಿಗೆ ಕಾಣಸಿಗುವುದು ಊರಿನ ಗೊರವಂಕವೇ. ಬೆಳೆ ತಿನ್ನುವ ಸೈನಿಕ ಹುಳುವಿನ ಕಾಟ ತಡೆಯಲೆಂದು 1865ರಲ್ಲಿ ಭಾರತದಿಂದ ಅಲ್ಲಿಗೆ ಒಯ್ದ ಹಕ್ಕಿ ಅದು. ಮುಂಗುಸಿಯೂ ಹಾಗೆಯೇ ಹೋಯಿತು. ಕೋಲ್ಕತ್ತದಿಂದ ಜಮೈಕಾ ಸೇರಿದ್ದ ಸಂತತಿಯನ್ನು 1883ರಲ್ಲಿ ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಹವಾಯಿಗೆ ತಂದರು. ಇಲಿ ಹೆಚ್ಚಾಗಿ ರಾತ್ರಿ ಓಡಾಡುತ್ತದೆ, ಮುಂಗುಸಿ ಹಗಲು ಬೇಟೆಯಾಡುತ್ತದೆ. ಹೀಗಾಗಿ ಅದರ ಬಾಯಿಗೆ ಸಿಕ್ಕಿದ್ದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮತ್ತು ಮರಿಗಳು. ಬೇಟೆ ಮತ್ತು ಇಂತಹ ಪರಕೀಯ ಪ್ರಾಣಿಗಳ ದಾಳಿಯಿಂದ, ಹವಾಯಿಯ ರಾಜ್ಯಪಕ್ಷಿಯಾದ ನೇನೇ ಹೆಬ್ಬಾತು 1950ರ ಸುಮಾರಿಗೆ ಕೇವಲ ಮೂವತ್ತರಷ್ಟು ಉಳಿದಿತ್ತು. ಸಾಕಿ ಬೆಳೆಸಿ ಕಾಡಿಗೆ ಬಿಟ್ಟದ್ದರಿಂದ ಅದೀಗ ಮೂರು ಸಾವಿರವನ್ನು ಮೀರಿದೆ. ಮುಂಗುಸಿ ನೆಲೆಯೂರದ ಕವಾಯಿ ದ್ವೀಪದಲ್ಲಿ ಅದರ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ನೇನೇ ನೋಡಲೇಬೇಕೆನ್ನುವ ಗ್ರೂಪ್‌ಗೆ ನಾನು ಕವಾಯಿಯನ್ನೇ ಸೂಚಿಸುತ್ತೇನೆ.

ಕಾಡುಹಕ್ಕಿಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಹಡಗಿನ ನೀರಿನ ಪೀಪಾಯಿಗಳೊಡನೆ ಅದು ಮಾವಿ ದ್ವೀಪಕ್ಕೆ ಬಂತೆನ್ನುತ್ತಾರೆ. ಹಕ್ಕಿಗಳ ಮಲೇರಿಯಾ ಅನಂತರ ಹರಡಿದಾಗ, ಲಕ್ಷಾಂತರ ವರ್ಷ ಆ ರೋಗದ ಪರಿಚಯವೇ ಇಲ್ಲದೆ ಬದುಕಿದ್ದ ಹಕ್ಕಿಗಳಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇರಲಿಲ್ಲ. ಬಾಗಿದ ಕೊಕ್ಕಿನ, ಕಡುಗೆಂಪು ಬಣ್ಣದ ಇಇವಿ ಹಕ್ಕಿ ಸೋಂಕಿದ ಒಂದೇ ಸೊಳ್ಳೆ ಕಚ್ಚಿದರೂ ಬಹುಮಟ್ಟಿಗೆ ಉಳಿಯುವುದಿಲ್ಲ. ತಂಪು ಹವೆಯಲ್ಲಿ ಸೊಳ್ಳೆಯೂ ಕಡಿಮೆ, ಅದರ ಮೈಯೊಳಗೆ ರೋಗಾಣು ಬಲಿಯುವುದೂ ಕಷ್ಟ. ಅದಕ್ಕೇ ಸುಮಾರು 1,500 ಮೀಟರಿಗಿಂತ ಮೇಲಿನ ಕಾಡುಗಳು ಈ ಹಕ್ಕಿಗಳ ಕೊನೆಯ ಆಶ್ರಯವಾಗಿವೆ.

ಇದನ್ನರಿತ ಮೇಲೆ ಐಟಿನರಿಯ ಸ್ವರೂಪವೇ ಬದಲಾಗುತ್ತದೆ. ಮಾವಿಯಲ್ಲಿ 3,055 ಮೀಟರ್ ಎತ್ತರದ ಹಲೆಯಾಕಲಾ ಜ್ವಾಲಾಮುಖಿಯ ತುದಿಯಲ್ಲಿ ಸೂರ್ಯೋದಯ ತೋರಿಸಿ ನೇರವಾಗಿ ಕಡಲತೀರಕ್ಕೆ ಇಳಿಸುವುದು ನಮ್ಮ ವೃತ್ತಿಯಲ್ಲಿ ರೂಢಿ. ಆದರೆ ಇಳಿಯುವ ದಾರಿಯಲ್ಲೇ, ಸುಮಾರು 2,000 ಮೀಟರಿನಲ್ಲಿ, ಹಾಸ್ಮರ್ ಗ್ರೋವ್ ಎಂಬ ತೋಪಿದೆ. ಅಲ್ಲಿ ಒಂದು ಗಂಟೆ ಸುಮ್ಮನೆ ನಿಂತರೆ ಇಇವಿ ಮತ್ತು ಅಪಪಾನೆ ಹಕ್ಕಿಗಳು ಕಾಣುವ ಸಾಧ್ಯತೆ ಚೆನ್ನಾಗಿದೆ. ಸೂರ್ಯೋದಯಕ್ಕೆ ಮೇಲೆ ಹೋಗುವ ವಾಹನದ ಪ್ರವೇಶಕ್ಕೆ ಮುಂಗಡ ಬುಕಿಂಗ್ ಕಡ್ಡಾಯ, ಚಳಿಯೂ ತೀವ್ರ. ಉಷ್ಣವಲಯದ ದ್ವೀಪವೆಂದು ತೆಳು ಬಟ್ಟೆಯಲ್ಲಿ ಬರುವವರಿಗೆ ಸ್ವೆಟರ್, ಟೋಪಿ ತರಲು ಹೊರಡುವ ಮುನ್ನವೇ ಹೇಳಬೇಕು.

ಇಡೀ ದ್ವೀಪಸಮೂಹಕ್ಕೆ ಹೆಸರು ಕೊಟ್ಟ, ಅಲ್ಲಿನ ಅತಿ ದೊಡ್ಡದಾದ ಹವಾಯಿ ದ್ವೀಪದ ಕೀಲಾವೆಯಾ ಜ್ವಾಲಾಮುಖಿಯ ತುದಿ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಅಲ್ಲಿ ಲಾವಾ ಕಪ್ಪಗೆ ಹೆಪ್ಪುಗಟ್ಟಿದ ನೆಲದಲ್ಲಿ ಮೊದಲು ಬೇರೂರುವ ಮರಗಳಲ್ಲಿ ಓಹಿಯಾ ಮುಖ್ಯವಾದದ್ದು. ಅದರ ಕೆಂಪು ಹೂವಿನ ಮಕರಂದಕ್ಕೆ ಅಪಪಾನೆ ಬರುತ್ತದೆ. ಎಲ್ಲರೂ ಕುಳಿಯತ್ತ ಕ್ಯಾಮೆರಾ ತಿರುಗಿಸಿರುವಾಗ ಮರದ ಕಡೆಗೂ ನೋಡಿರೆಂದು ಹೇಳುವ ಗೈಡ್ ನನ್ನ ದೃಷ್ಟಿಯಲ್ಲಿ ಬಹಳ ಬೆಲೆಯುಳ್ಳವನು. ಓಹಿಯಾ ಮರಗಳನ್ನು ಬೇಗನೆ ಕೊಲ್ಲುವ ಶಿಲೀಂಧ್ರವೊಂದು ಈಗ ಹರಡಿರುವುದರಿಂದ, ಕಾಡಿನ ದಾರಿಗೆ ಕಾಲಿಡುವ ಮುನ್ನ ಮತ್ತು ಹೊರಬಂದ ಮೇಲೆ ಬೂಟಿನ ಮಣ್ಣನ್ನು ಉಜ್ಜಿ ತೆಗೆಯಬೇಕು. ಅವಸರದ ವೇಳಾಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಆದ್ದರಿಂದ ಅದಕ್ಕೆ ಹತ್ತು ನಿಮಿಷವನ್ನು ಪ್ರತ್ಯೇಕವಾಗಿ ಬರೆದಿಡುತ್ತೇನೆ. ಈ ದ್ವೀಪದಲ್ಲಿ ಗಾಳಿಯ ದಿಕ್ಕನ್ನೂ ಗಮನಿಸಬೇಕು: ಈಶಾನ್ಯದ ವಾಣಿಜ್ಯ ಮಾರುತ ಹೀಲೊ ಕಡೆ ಮಳೆ ಸುರಿಸುತ್ತದೆ, ಕೋನಾ ಕಡೆ ಒಣಹವೆ ಇರುತ್ತದೆ.

ಎತ್ತರದ ಲೆಕ್ಕ ಕಡಲಿಗೆ ಅನ್ವಯಿಸುವುದಿಲ್ಲ, ಅಲ್ಲಿ ತಿಂಗಳು ಮುಖ್ಯ. ಅಲಾಸ್ಕಾದ ಕಡೆಯಿಂದ ಬರುವ ಗೂನುಬೆನ್ನಿನ ತಿಮಿಂಗಿಲಗಳನ್ನು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನೋಡಬಹುದು. ದೋಣಿ ಅವುಗಳಿಂದ ನೂರು ಗಜ ದೂರವಿರಬೇಕೆಂಬ ಕಾನೂನಿದೆ. ಹವಳಕ್ಕೆ ಹಾನಿಮಾಡುವ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ನ ಮಾರಾಟವನ್ನು ರಾಜ್ಯ 2021ರಿಂದ ನಿಷೇಧಿಸಿದೆ, ಇಲ್ಲಿಂದ ಕೊಂಡೊಯ್ಯುವವರೂ ಅಂಥದನ್ನು ಬಿಟ್ಟು ಹೋಗುವುದು ಸರಿ.

ಭೂಮಿ ಬಿಸಿಯಾದಂತೆ ಸೊಳ್ಳೆಗಳು ಮೇಲೇರುತ್ತಿವೆ. ಅಷ್ಟೇನೂ ಎತ್ತರವಿಲ್ಲದ ಕವಾಯಿಯ ಹಕ್ಕಿಗಳಿಗೆ ಇನ್ನು ಮೇಲೆ ಹೋಗಲು ಕಾಡಿಲ್ಲ. 2023ರಲ್ಲಿ ಹವಾಯಿಯ ಎಂಟು ಕಾಡುಹಕ್ಕಿಗಳನ್ನು ಅಳಿದುಹೋದವೆಂದು ಅಧಿಕೃತವಾಗಿ ಘೋಷಿಸಿದರು. ಸೊಳ್ಳೆಗಳ ಸಂತಾನ ಬೆಳೆಯದಂತೆ ಮಾಡುವ ಬ್ಯಾಕ್ಟೀರಿಯಾ ಹೊತ್ತ ಗಂಡು ಸೊಳ್ಳೆಗಳನ್ನು ಈಗ ಮಾವಿಯ ಕಾಡುಗಳಲ್ಲಿ ಹೆಲಿಕಾಪ್ಟರಿನಿಂದ ಬಿಡುತ್ತಿದ್ದಾರೆ; ಗಂಡು ಸೊಳ್ಳೆ ಕಚ್ಚುವುದಿಲ್ಲವೆಂಬುದನ್ನು ಪ್ರವಾಸಿಗರಿಗೆ ಮೊದಲೇ ತಿಳಿಸುತ್ತೇನೆ. ಕವಾಯಿಗೆ ಹೋಗುವವರ ಐಟಿನರಿಯಲ್ಲಿ ವೈಮೇಯ ಕಣಿವೆಯನ್ನೂ ಕೊಕೆಎ ಕಾಡಿನ ನಡಿಗೆಯನ್ನೂ ಬರೆಯುತ್ತೇನೆಯೇ ಹೊರತು, ಅಲ್ಲಿ ಇಂಥದೇ ಕಾಡುಹಕ್ಕಿ ಕಾಣುತ್ತದೆಂದು ಬರೆಯುವುದನ್ನು ನಿಲ್ಲಿಸಿದ್ದೇನೆ.